ಕೇರಿಯ ಚಪ್ಪಡಿಗಳು

ಗಟಾರದ ಮೇಲೆ ಹಾಸಿದ ಸಿಮೆಂಟ್ ಚಪ್ಪಡಿ ನೋಡಿ ಯಾರಿಗಾದರೂ ಹೊಟ್ಟೆಕಿಚ್ಚಾಗುತ್ತದೆಯೇ? ಫಕೀರವ್ವನಿಗೆ ಆಯಿತು. ಅದೂ ಅವಳೇ ಹೊತ್ತು ತಂದು, ಅವಳೇ ಹಾಸಿದ ಚಪ್ಪಡಿ.

ಕಿರವತ್ತಿ ದಾಟಿ ಹುಬ್ಬಳ್ಳಿ ಕಡೆಗೆ ಸ್ವಲ್ಪ ದೂರ ಹೋದರೆ ಹೆದ್ದಾರಿ ತಟ್ಟನೆ ತಿರುಗುತ್ತದೆ. ಆ ತಿರುವಿನಲ್ಲಿ ಕೇರಿ. ಯಾವ ಕೇರಿ ಎಂದು ಯಾರೂ ಕೇಳುವುದಿಲ್ಲ. ಸುತ್ತಲಿನವರಿಗೆ ಬರೇ ಕೇರಿ ಅಂದರೆ ಇದೊಂದೇ. ತಿರುವು ಮುಗಿದಲ್ಲಿ ಚನ್ನಯ್ಯನ ಡಾಬಾ, ಡಾಬಾದ ಪಕ್ಕಕ್ಕೇ ಅವನ ಮನೆ. ಅಲ್ಲಿಂದ ಮುಂದೆ ಅದೇ ಬದಿಗೆ ಇಂಗ್ಲಿಷ್ ಶಾಲೆ, ಅದರ ಆಚೆ ಸರ್ಕಾರಿ ಶಾಲೆ. ಕೇರಿಯ ಮಕ್ಕಳು ಸರ್ಕಾರಿ ಶಾಲೆಗೆ ಹೋಗಬೇಕಾದರೆ ಈ ಹೆದ್ದಾರಿಯ ಮಗ್ಗುಲು ಹಿಡಿದೇ ಹೋಗಬೇಕು.

ಮೊದಲು ಇದು ಯಾರ ತಲೆನೋವೂ ಆಗಿರಲಿಲ್ಲ. ಟಾರಿನ ಪಕ್ಕ ಎತ್ತಿನ ಗಾಡಿ ಹೋಗುವಷ್ಟು ಮಣ್ಣಿನ ಜಾಗವಿತ್ತು. ಮೇಲೆ ಸಾಲು ಮಾವಿನ ಮರ. ಮಕ್ಕಳು ಕಾಯಿಗೆ ಕಲ್ಲು ಬೀಸುತ್ತ, ಜಗಳಾಡುತ್ತ, ರಾಜಿಯಾಗುತ್ತ ಶಾಲೆ ಮುಟ್ಟುತ್ತಿದ್ದರು. ಆಮೇಲೆ ಬಳ್ಳಾರಿ ಕಡೆಯಿಂದ ಅದಿರಿನ ಲಾರಿಗಳು ಕಡಲ ಬಂದರು ಹುಡುಕಿಕೊಂಡು ಹೊರಟವು. ಒಂದರ ಬಾಲಕ್ಕೆ ಒಂದು. ಲಾರಿಗೆ ಜಾಗ ಸಾಲದೆಂದು ಮರ ಕಡಿದರು. ಮಣ್ಣಿನ ಜಾಗವನ್ನು ಟಾರು ನುಂಗಿತು. ಟಾರಿನ ಅಂಚಿಗೇ ಹುಡುಗರ ಎದೆಮಟ್ಟದ ಗಟಾರ ತೋಡಿದರು. ಗಟಾರದ ಆಚೆ ಗೋಡೆಯಂಥ ಎತ್ತರದ ಮಣ್ಣಿನ ಧರೆ. ನಡೆಯುವವರಿಗೆ ಉಳಿದದ್ದು ಟಾರಿನ ಅಂಚಿನ ಬಿಳಿ ಗೆರೆ. ತಿರುವಿನಲ್ಲಿ ಆ ಗೆರೆಯ ಮೇಲೆಯೇ ಲಾರಿಯ ಹಿಂದಿನ ಗಾಲಿ ಹರಿಯುತ್ತಿತ್ತು. ಈ ರಸ್ತೆಯನ್ನು ಕಾಗದದ ಮೇಲೆ ಬರೆದವನು ಎಲ್ಲಿ ಕೂತು ಬರೆದನೋ, ಅವನ ಲೆಕ್ಕದಲ್ಲಿ ಎರಡು ಕಾಲಿನ ಪ್ರಾಣಿಗಳೇ ಇರಲಿಲ್ಲ.

ಇರಲಿಲ್ಲ ಅಂದರೆ ತಪ್ಪಾಗುತ್ತದೆ. ಚನ್ನಯ್ಯನ ಡಾಬಾದಿಂದ ಮುಂದಕ್ಕೆ ಇದ್ದವು. ಅಲ್ಲಿಂದ ಶಾಲೆಗಳ ತನಕ ಗಟಾರದ ಮೇಲೆ ಚಪ್ಪಡಿ ಮುಚ್ಚಿ, ಅಂಚಿಗೆ ಕಟ್ಟೆ ಕಟ್ಟಿ, ನಡೆಯುವವರಿಗೆ ಎತ್ತರದ ದಾರಿ ಮಾಡಿದ್ದರು. ಲಾರಿ ಎಷ್ಟೇ ಮೈಮೇಲೆ ಬಂದರೂ ಅಲ್ಲಿ ನಡೆಯುವ ಮಗುವಿನ ಕೂದಲು ಕೊಂಕುತ್ತಿರಲಿಲ್ಲ.

ಆ ಚಪ್ಪಡಿ ಎರಕ ಹೊಯ್ದವರು ಕೇರಿಯ ಹೆಂಗಸರು. ಮರಳು ಸೋಸಿದರು, ಜಲ್ಲಿ ಹೊತ್ತರು, ಕಲಸಿದ್ದನ್ನು ಚೌಕಟ್ಟಿಗೆ ಸುರಿದು ಗೋಣಿತಾಟು ಹೊದಿಸಿ ಹೊತ್ತುಹೊತ್ತಿಗೆ ನೀರು ಕುಡಿಸಿದರು. ಗಟ್ಟಿಯಾದ ಮೇಲೆ ಹಗ್ಗ ಬಿಗಿದು, ಬಿದಿರ ಗಳ ತೂರಿಸಿ, ನಾಲ್ಕು ನಾಲ್ಕು ಜನ ಹೆಗಲು ಕೊಟ್ಟು ಹೊತ್ತರು. ಗಳದ ಗುರುತು ಫಕೀರವ್ವನ ಹೆಗಲಿಗೆ ಕಪ್ಪಗೆ ಕೂತಿತ್ತು. ಸಿಮೆಂಟು ಬೆರಳ ಸಂದಿಗಳನ್ನು ತಿಂದಿತ್ತು. ಊಟಕ್ಕೆ ಕೂತರೆ ಖಾರ ತಾಗಿ ಜೀವ ಹೋಗುತ್ತಿತ್ತು. ಡಾಬಾದಿಂದ ಕೂಲಿಯವರಿಗೆ ಚಹಾ ಬರುತ್ತಿತ್ತು. ಮೇಸ್ತ್ರಿಗೆ ಗಾಜಿನ ಲೋಟ, ಕೇರಿಯ ಹೆಂಗಸರಿಗೆ ಕುಡಿದು ಬಿಸಾಡುವ ಪ್ಲಾಸ್ಟಿಕ್ ಲೋಟ. ಅವಳು ಅದನ್ನು ಗಮನಿಸಿಯೂ ಗಮನಿಸಲಿಲ್ಲ. ಚಪ್ಪಡಿ ಶಾಲೆಯ ಕಡೆಯಿಂದ ಒಂದೊಂದೇ ಕೇರಿಯ ಕಡೆ ಬರುತ್ತಿದೆ ಎಂಬ ಖುಷಿಯಲ್ಲಿದ್ದಳು. ಕೇರಿಯ ಬಾಯಿಯಿಂದ ಶಾಲೆಯ ತನಕ ಎಂದು ಕೆಲಸ ಶುರುವಾದಾಗ ಮೇಸ್ತ್ರಿ ಸಂಗಯ್ಯನೇ ಹೇಳಿದ್ದ. ಅವಳ ಮಗಳು ಹಾಲವ್ವ ನಾಲ್ಕನೇ ಇಯತ್ತೆ. ಮಗಳಿಗಾಗಿಯೇ ಹೊರುತ್ತಿದ್ದೇನೆ ಅಂದುಕೊಂಡು ಹೊತ್ತಳು.

ಡಾಬಾದ ಗೇಟಿಗೆ ಬಂದದ್ದೇ ಕೆಲಸ ನಿಂತಿತು. ಉಳಿದ ಚಪ್ಪಡಿಗಳು ಟ್ರ್ಯಾಕ್ಟರ್ ಹತ್ತಿ ಚನ್ನಯ್ಯನ ಅಂಗಳಕ್ಕೆ ಹೋದವು. ಒಂದಷ್ಟನ್ನು ಡ್ರೈವರುಗಳ ಜಳಕಕ್ಕೆ ಹಾಸಿದರು. ಮಿಕ್ಕಿದ್ದನ್ನು ಅಲ್ಲೇ ಒಟ್ಟಿದರು.

"ಸಂಗಯ್ಯಾರ, ನಮ್ಮ ಕೇರಿ ಬಾಯಿಗೆ ಯಾವಾಗ್ರಿ ಹಾಕೂದು?"

"ಚಪ್ಪಡಿ ತೀರಿದ್ವು."

"ಡಾಬಾದ ಅಂಗಳದಾಗ ಒಟ್ಟ್ಯಾರಲ್ರಿ. ಅವು?"

"ಅವು ಸಾವ್ಕಾರ್ರವು. ನಿನಗ್ಯಾಕ ಬೇಕವ್ವಾ ಅದು? ಪಗಾರ ಬರತೈತಿಲ್ಲೋ? ನಡಿ, ಸಾಲಿ ಮುಂದಿನ ಕಟ್ಟಿಗೆ ಬಣ್ಣ ಬಳಿಯೂದೈತಿ."

ಫಕೀರವ್ವ ಹೋಗಿ ಕಪ್ಪು-ಹಳದಿ ಬಣ್ಣ ಬಳಿದಳು. ಬೇರೇನು ಮಾಡಬೇಕು ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅವಳು ಎಲ್ಲರ ಹಾಗೆ ಬೈದುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಅವಳಿಗೊಬ್ಬ ನೆಗೆಣ್ಣಿ ಇದ್ದಳು. ಗಂಡ ಬಸಪ್ಪನ ಅಣ್ಣನ ಹೆಂಡತಿ, ಹೆಸರು ಕರಿಯವ್ವ. ಒಂದೇ ಗೋಡೆಯ ಆಚೆ ಈಚೆ ಇಬ್ಬರ ಸಂಸಾರ. ಒಂದೇ ಗಳಕ್ಕೆ ಇಬ್ಬರೂ ಹೆಗಲು ಕೊಟ್ಟವರು. ಕರಿಯವ್ವನ ಮಗಳು ರೇಣವ್ವನೂ ನಾಲ್ಕನೇ ಇಯತ್ತೆಯೇ. ಆದರೆ ರೇಣವ್ವ ಬಿಳಿ ಗೆರೆಯ ಮೇಲೆ ನಡೆಯುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಕೇರಿಯ ಹಿಂದಿನಿಂದ ಚನ್ನಯ್ಯನ ಗೋವಿನಜೋಳದ ಹೊಲದ ಬದು ಹಿಡಿದರೆ ಅವನ ಹಿತ್ತಲು ಸಿಗುತ್ತದೆ. ಹಿತ್ತಲು ಹಾಯ್ದು ಮುಂದಿನ ಗೇಟಿಗೆ ಬಂದರೆ ನೇರ ಚಪ್ಪಡಿ ದಾರಿ. ತಿರುವಿನ ಸುದ್ದಿಯೇ ಇಲ್ಲ. ರಸ್ತೆ ಅಗಲವಾದ ಮೇಲೆ ಕೇರಿಯ ಮಕ್ಕಳು ಆ ಬದುವಿನ ಮೇಲೆ ಸಾಲು ಹಚ್ಚಿದರು. ಚನ್ನಯ್ಯ ಮುಳ್ಳು ಹಚ್ಚಿದ. ಒಬ್ಬಳಿಗೆ ಮಾತ್ರ ಮುಳ್ಳು ಸರಿಯುತ್ತಿತ್ತು, ರೇಣವ್ವನಿಗೆ. ಚನ್ನಯ್ಯನ ಹೆಂಡತಿ ದಾಕ್ಷಾಯಿಣಿಗೆ ಮಗ ಗಿರೀಶನ ಪಾಟಿಚೀಲ ಹೊರಲು ಒಬ್ಬರು ಬೇಕಾಗಿತ್ತು. ಹುಡುಗ ಇಂಗ್ಲಿಷ್ ಶಾಲೆ, ಚೀಲ ಅವನಿಗಿಂತ ಭಾರ. ರೇಣವ್ವ ಅದನ್ನು ಬೆನ್ನಿಗೆ ಹಾಕಿ, ತನ್ನ ಚೀಲ ಎದೆಗೆ ಹಾಕಿ, ಅವನ ಹಿಂದೆ ಚಪ್ಪಡಿಯ ಮೇಲೆ ನಡೆಯುತ್ತಿದ್ದಳು. ಅಂಗಳ ದಾಟುವಾಗ ಚಪ್ಪಲಿ ಕೈಯಲ್ಲಿ.

ಫಕೀರವ್ವನಿಗೆ ಆ ಎರಡು ಚೀಲ ಕಾಣಲಿಲ್ಲ. ಕೈಯಲ್ಲಿನ ಚಪ್ಪಲಿಯೂ ಕಾಣಲಿಲ್ಲ. ಕಂಡದ್ದು ರೇಣವ್ವನ ಕಾಲ ಕೆಳಗಿನ ಚಪ್ಪಡಿ.

ಮತ್ತೆ ಕಂಡದ್ದು ಅವಳ ಅಂಗಿ. ಶಾಲೆಯಲ್ಲಿ ಕೊಟ್ಟ ಬಿಳಿ ಅಂಗಿ, ನೀಲಿ ಲಂಗ. ರೇಣವ್ವನ ಅಂಗಿ ಸಂಜೆಯಾದರೂ ಬಿಳಿ. ಹಾಲವ್ವನದು ಶಾಲೆ ಮುಟ್ಟುವುದರೊಳಗೆ ಅದಿರಿನ ಧೂಳು ಕುಡಿದು ಕೆಂಪು. ದಿನಾ ಸಂಜೆ ಫಕೀರವ್ವ ಅದನ್ನು ಕುಕ್ಕಿ ಕುಕ್ಕಿ ಒಗೆಯುತ್ತಿದ್ದಳು. ಹಿಂಡಿದರೆ ಕುರಿ ಕೊಯ್ದಂತೆ ಕೆಂಪು ನೀರು. ಗೋಡೆಯಾಚೆ ರೇಣವ್ವನ ಅಂಗಿ ಒಣಗುತ್ತಿತ್ತು. ಅದನ್ನು ಎಳೆದು ಕೆಸರಿಗೆ ಹಾಕಬೇಕು ಅನ್ನಿಸುತ್ತಿತ್ತು.

ಸರ್ಕಾರಿ ಶಾಲೆಯಲ್ಲಿ ಕಲಿಸಲು ಯಲ್ಲಾಪುರದಿಂದ ಬಸ್ಸಿಗೆ ಬರುವ ಸುಬ್ಬಲಕ್ಷ್ಮಿ ಅಕ್ಕೋರು ಒಳ್ಳೆಯವರೇ. ಆದರೂ ಒಂದು ದಿನ ಕಟ್ಟೆಗೆ ಬಣ್ಣ ಬಳಿಯುತ್ತಿದ್ದ ಫಕೀರವ್ವನನ್ನು ನಿಲ್ಲಿಸಿ ಹೇಳಿಬಿಟ್ಟರು: "ಎಂತ ಮಾರಾಯ್ತಿ, ನಿನ್ನ ಮಗಳು ದಿನಾ ಹೀಂಗೇ ಬರ್ತದೆ? ತಲೆ ತುಂಬ ಮಣ್ಣು, ಅದೂ ಗಂಟೆ ಹೊಡೆದ ಮೇಲೆ. ರೇಣವ್ವನ ನೋಡು, ಅದೂ ನಿಮ್ಮ ಕೇರಿದೇ ಅಲ್ದಾ?"

ಅದೂ ನಮ್ಮ ಕೇರಿಯದೇ. ಆ ಮಾತು ಫಕೀರವ್ವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿಯಿತು. ಡಾಬಾದವನ ಮಗ ಚಪ್ಪಡಿಯ ಮೇಲೆ ನಡೆದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅವನು ಸಾವ್ಕಾರ್ರ ಮಗ, ನಡೆಯುತ್ತಾನೆ. ಗೋಡೆಯಾಚೆಯವಳ ಮಗಳು ನಡೆದದ್ದು ಹೊಟ್ಟೆಗೆ ಬೆಂಕಿ ಹಾಕಿತು. ಬಡವರ ಹೊಟ್ಟೆಕಿಚ್ಚು ದೂರ ಹೋಗುವುದಿಲ್ಲ, ನೆರೆಮನೆಯ ತನಕ ಹೋಗಿ ಸುಸ್ತಾಗುತ್ತದೆ. ದೊಡ್ಡವರಿಗೆ ಇದು ಚೆನ್ನಾಗಿ ಗೊತ್ತು.

ಅದೇ ವಾರ ತಿರುವಿನಲ್ಲಿ ಲಾರಿಯೊಂದು ಹಾಲವ್ವನ ಜಡೆಗೆ ಗಾಳಿ ಹೊಡೆದುಕೊಂಡು ಹೋಯಿತು. ಹುಡುಗಿ ಗಟಾರಕ್ಕೆ ಹಾರಿ ಬದುಕಿದಳು. ಸೊಂಟದ ತನಕ ರಾಡಿಯಾಗಿ ಮನೆಗೆ ಬಂದವಳು ಅಳಲಿಲ್ಲ, ಕೇಳಿದಳು: "ಯವ್ವಾ, ರೇಣಿ ಹಿತ್ತಲದಾಗಿಂದ ಹೋಗ್ತಾಳ. ನಾ ಯಾಕ ಹೋಗಬಾರದು?"

ನಳದ ಹತ್ತಿರ ಈ ಸುದ್ದಿ ಬಂದಾಗ ಕರಿಯವ್ವ ಕೊಡ ತುಂಬಿಸುತ್ತ ಅಂದಳು: "ನಮ್ಮ ರೇಣಿದು ಆ ಚಿಂತಿ ಇಲ್ಲ ನೋಡವ್ವಾ. ಪುಣ್ಯಾ ಮಾಡಿದ್ದೆ."

ಫಕೀರವ್ವ ಕೊಡ ಅಲ್ಲೇ ಇಟ್ಟು ನಡೆದಳು. ನೇರ ಚನ್ನಯ್ಯನ ಹಿತ್ತಲಿಗೆ.

ದಾಕ್ಷಾಯಿಣಿ ಹಿತ್ತಲ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಫಕೀರವ್ವ ಅಂಗಳದ ಅಂಚಿಗೆ ನಿಂತಳು. ಇನ್ನೂ ಮುಂದೆ ಬರಬಾರದು ಎಂದು ಯಾರೂ ಗೆರೆ ಹಾಕಿರಲಿಲ್ಲ. ಕಾಲಿಗೆ ತಾನೇ ಗೊತ್ತಿತ್ತು.

"ಅಕ್ಕಾರ, ಹೇಳಬಾರದು. ಆದ್ರ ಸಣ್ಣ ಹುಡುಗನ ಹೊಟ್ಟಿ ವಿಚಾರ ಐತಿ."

"ಏನಬೇ ಅದು?"

"ಕರಿಯವ್ವನ ಮಗಳು ದಾರ್ಯಾಗ ಗಿರೀಶಪ್ಪನ ಡಬ್ಬಿ ತಗದು ಬಾಯಿ ಹಚ್ಚತಾಳ್ರಿ. ತುತ್ತು ತಿಂದು ಮತ್ತ ಮುಚ್ಚಿ ಇಡತಾಳ. ನಾ ಕಣ್ಣಾರೆ ನೋಡೇನಿ."

ಸುಳ್ಳು. ಹಸಿ ಸುಳ್ಳು. ತನ್ನವ್ವನನ್ನು, ತನ್ನಜ್ಜಿಯನ್ನು, ತನ್ನನ್ನು ಯಾವ ಕೋಲಿನಿಂದ ಜನ ಹೊಡೆಯುತ್ತ ಬಂದಿದ್ದರೋ, ಅದೇ ಕೋಲನ್ನು ಫಕೀರವ್ವ ಎತ್ತಿ ತನ್ನ ಮನೆಯ ಕೂಸಿಗೆ ಹೊಡೆದಳು. ಎಲ್ಲಿ ಹೊಡೆದರೆ ತಾಗುತ್ತದೆ ಎಂದು ಹೊಡೆಸಿಕೊಂಡವಳಿಗೇ ಚೆನ್ನಾಗಿ ಗೊತ್ತಿರುತ್ತದೆ.

ದಾಕ್ಷಾಯಿಣಿಯ ಕೈಯಲ್ಲಿನ ಅಕ್ಕಿ ಮೊರಕ್ಕೆ ಬಿತ್ತು. "ಅಯ್ಯ ಶಿವನ! ಎಷ್ಟ ದಿನದಿಂದ ತಿಂದಾನೋ ನನ್ನ ಕೂಸು ಆ ಎಂಜಲಾ!"

"ನಮ್ಮ ಹಾಲವ್ವ ಹಂಗಲ್ರಿ. ಹೇಳಿದ್ದಟ್ಟ ಮಾಡ್ತಾಳ."

ಮರುದಿನ ಮುಳ್ಳು ರೇಣವ್ವನಿಗೆ ಸರಿಯಲಿಲ್ಲ. ಹಾಲವ್ವನಿಗೆ ಸರಿಯಿತು. ರೇಣವ್ವ ಚೀಲ ತಬ್ಬಿಕೊಂಡು ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋಗಿ ಬಿಳಿ ಗೆರೆ ಹಿಡಿದಳು.

ಆ ಬೆಳಿಗ್ಗೆ ಫಕೀರವ್ವ ಬಣ್ಣದ ಡಬ್ಬಿ ಹಿಡಿದು ಇಂಗ್ಲಿಷ್ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದಳು. ಮಗಳು ಚಪ್ಪಡಿಯ ಮೇಲೆ ನಡೆದು ಬರುವುದನ್ನು ಕಣ್ತುಂಬ ನೋಡಬೇಕಿತ್ತು. ಕರಿಯವ್ವನೂ ಅಲ್ಲೇ ಜಲ್ಲಿ ಗುಡಿಸುತ್ತಿದ್ದಳು. ಅವಳೂ ನೋಡಲಿ ಎಂಬ ಆಸೆಯೂ ಇತ್ತು.

ಗಿರೀಶ ಬಂದ. ಬೂಟು, ಕಾಲುಚೀಲ, ಕೊರಳಿಗೆ ನೀರಿನ ಬಾಟಲಿ, ಕೈಯಲ್ಲಿ ಊಟದ ಡಬ್ಬಿ. ಚಪ್ಪಡಿಯ ನಟ್ಟನಡುವೆ. ಹಾಲವ್ವ ಅವನ ಹಿಂದೆ ಇರಲಿಲ್ಲ. ಕಟ್ಟೆಯ ಕೆಳಗೆ, ಟಾರಿನ ಮೇಲೆ, ಬೆನ್ನಿಗೊಂದು ಎದೆಗೊಂದು ಚೀಲ ಹೊತ್ತು ಅವನ ಸರಿಸಮಕ್ಕೆ ನಡೆಯುತ್ತಿದ್ದಳು. ಎಡಕ್ಕೆ ಮೊಳಕಾಲೆತ್ತರದ ಕಟ್ಟೆ, ಬಲಕ್ಕೆ ಲಾರಿ.

"ಹಾಲವ್ವಾ! ಮ್ಯಾಲೆ ಹತ್ತಬೇ!"

"ಡಾಬಾದ ಅಕ್ಕಾರು ಬ್ಯಾಡಂದಾರ!" ಲಾರಿಯ ಸದ್ದಿನ ನಡುವೆ ಹುಡುಗಿ ಕೂಗಿ ಹೇಳಿದಳು.

ಮಧ್ಯಾಹ್ನದ ಬಿಡುವಿನಲ್ಲಿ ಫಕೀರವ್ವ ಹಿತ್ತಲಿಗೆ ಓಡಿದಳು.

"ಅಕ್ಕಾರ, ರೇಣವ್ವ ಚಪ್ಪಡಿ ಮ್ಯಾಲೇ ಹೋಗ್ತಿದ್ಲಲ್ರಿ..."

"ಅದಕ್ಕ ಅಲ್ಲೇನಬೇ ಡಬ್ಬಿಗೆ ಬಾಯಿ ಹಾಕಿದ್ದು?" ದಾಕ್ಷಾಯಿಣಿಗೆ ಸಿಟ್ಟಿರಲಿಲ್ಲ, ತಿಳಿಸಿ ಹೇಳುವ ದನಿ ಇತ್ತು. "ನೀನೇ ಬಂದು ಹೇಳಿದೆಲ್ಲ. ಮ್ಯಾಲೆ ಬಿಟ್ರ ಹುಡುಗನ ಮೈಗೆ ಹತ್ತತಾವು, ಡಬ್ಬಿಗೆ ಕೈ ಹಚ್ಚತಾವು. ಕೆಳಗ ನಡೀಲಿ. ಡಬ್ಬಿ ಅಂವಾ ತಾನ ಹಿಡಕೋತಾನ. ನಿನ್ನ ಮಗಳಿಗೆ ತಿರುವು ತಪ್ಪೇತಿಲ್ಲೋ? ಸಾಕು."

ಫಕೀರವ್ವ ಬಂದ ದಾರಿ ಹಿಡಿದಳು. ಏನು ಹೇಳಬೇಕು? ಅದು ಸುಳ್ಳಾಗಿತ್ತು ಅನ್ನಬೇಕೇ? ಹಾಗೆಂದರೆ ಹಿತ್ತಲೂ ಹೋಗುತ್ತದೆ. ತಿರುವಾದರೂ ತಪ್ಪಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಮಗಳನ್ನು ಹಿಂದೆ ಕರೆದುಕೊಂಡರೆ ಕರಿಯವ್ವ ನಗುತ್ತಾಳೆ.

ದಿನಗಳು ಹೀಗೇ ಹೋದವು. ಹೊಟ್ಟೆಕಿಚ್ಚು ಆರಲಿಲ್ಲ, ಮನೆ ಬದಲಿಸಿತು. ಈಗ ಅದು ಗಿರೀಶನ ಮೇಲೆ ಕೂತಿತು. ಅವನ ಬೂಟಿನ ಸದ್ದು ಕೇಳಿದರೆ ಫಕೀರವ್ವನಿಗೆ ಸಂಕಟ. ಅವನು ಚಪ್ಪಡಿಯಿಂದ ಚಪ್ಪಡಿಗೆ ಒಂಟಿಗಾಲಲ್ಲಿ ಹಾರಿ ಕುಂಟಲಿಪಿ ಆಡುತ್ತ ಬರುತ್ತಿದ್ದ. ಕೈಯಲ್ಲಿ ಡಬ್ಬಿಯೊಂದು ಬಿಟ್ಟರೆ ಆಡಲಿಕ್ಕೆ ಅವನ ಬೆನ್ನು ಖಾಲಿ, ಹೆಗಲು ಖಾಲಿ. ತನ್ನ ಹೆಗಲು ಸುಲಿದ ಚಪ್ಪಡಿ ಇವನ ಕುಂಟಲಿಪಿಗೆ ಆಯಿತು, ತನ್ನ ಮಗಳ ಕಾಲಿಗೆ ಆಗಲಿಲ್ಲ. ಆ ಹುಡುಗ ಏನು ಮಾಡಿದ್ದ ಪಾಪ? ಅಷ್ಟು ಸಣ್ಣವನ ಮೇಲೆ ಉರಿದುಕೊಳ್ಳುತ್ತೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಉರಿ ಕಡಿಮೆಯಾಗಲಿಲ್ಲ.

ಆ ದಿನ ಮಂಜು ಬಿದ್ದಿತ್ತು. ಎರಡು ಅದಿರಿನ ಲಾರಿಗಳು ಒಂದನ್ನೊಂದು ಹಿಂದೆ ಹಾಕುತ್ತ ಬಂದವು. ಒಳಬದಿಯ ಲಾರಿ ಕಟ್ಟೆಗೆ ಒತ್ತಿತು. ಹಾಲವ್ವ ಮೇಲೆ ಹತ್ತಲು ಕಾಲೆತ್ತಿದಳು. ಎರಡು ಚೀಲದ ಭಾರಕ್ಕೆ ಮೈ ಏಳಲಿಲ್ಲ. ಲಾರಿಯ ಮಗ್ಗುಲಿನ ಕೊಕ್ಕೆ ಗಿರೀಶನ ಚೀಲದ ಪಟ್ಟಿಗೆ ಸಿಕ್ಕಿ ಹುಡುಗಿಯನ್ನು ಎಳೆದು ಕಟ್ಟೆಗೆ ಅಪ್ಪಳಿಸಿತು. ಪಟ್ಟಿ ಹರಿಯಿತು. ಚೀಲ ಗಾಲಿಯ ಕೆಳಗೆ ಹೋಯಿತು, ಹುಡುಗಿ ಹೋಗಲಿಲ್ಲ. ಪಟ್ಟಿ ಗಟ್ಟಿಯಾಗಿದ್ದರೆ ಹೋಗುತ್ತಿದ್ದಳು.

ಕಟ್ಟೆಗೆ ಬಣ್ಣ ಬಳಿಯುತ್ತಿದ್ದ ಫಕೀರವ್ವ ಕುಂಚ ಹಿಡಿದೇ ನಿಂತುಬಿಟ್ಟಳು. ಓಡಿ ಹೋಗಿ ಹುಡುಗಿಯನ್ನು ಎರಡೂ ಕೈಯಿಂದ ಬಾಚಿ ಚಪ್ಪಡಿಯ ಮೇಲೆ ಎಳೆದುಕೊಂಡವಳು ಕರಿಯವ್ವ. ಹಾಲವ್ವನ ಬಲಗೈ ಮೊಳಕೈ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಹಣೆ ಒಡೆದು ರಕ್ತ. ಬಿಳಿ ಅಂಗಿಯ ಮೇಲಿನ ಕೆಂಪು ಈ ಸಲ ಧೂಳಿನದಾಗಿರಲಿಲ್ಲ.

ದಾಕ್ಷಾಯಿಣಿ ಓಡಿ ಬಂದಳು. ಮಗನ ಮೈ ಕೈ ತಡವಿದಳು. ಅವನಿಗೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ರಸ್ತೆಯ ಕಡೆ ನೋಡಿದಳು. ಲಾರಿಗಳು ಒಂದರ ಹಿಂದೊಂದು ಪುಸ್ತಕಗಳ ಮೇಲೆ ಹಾಯುತ್ತಿದ್ದವು.

"ಅಯ್ಯ, ಪಾಟಿಚೀಲ ಹೋತಲ್ಲ! ಬುಕ್ ಎಲ್ಲಾ ಹೋದ್ವು! ಗಟ್ಟಿ ಹಿಡಕೋಬಾರದೇನಬೇ ಹುಡುಗೀ?"

ದಾಕ್ಷಾಯಿಣಿ ಸೆರಗು ಸರಿಮಾಡಿಕೊಂಡು ಇಬ್ಬರೂ ನೆಗೆಣ್ಣಿಯರ ಮುಖ ನೋಡಿದಳು. "ಆತ ಬಿಡ್ರಿ, ಆಗೂದ ಆತು. ಇಕಿ ಕೈ ಕೂಡೂತನಕ ನಾಳಿಂದ ರೇಣವ್ವನ್ನ ಕಳಸ್ರಿ. ಆಕಿನೂ ಕೆಳಗ ನಡೀಲಿ ಅಂದ್ರಾತು."

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಮಗಳು ಕೈ ಮುರಿದುಕೊಂಡು ಕರಿಯವ್ವನ ತೊಡೆಯ ಮೇಲೆ ನರಳುತ್ತಿದ್ದಾಗಲೂ ಫಕೀರವ್ವನ ಹೊಟ್ಟೆಯಲ್ಲಿ ಚುರ್ ಅಂದಿತು. ಮತ್ತೆ ಹಿತ್ತಲು ಇವಳ ಮಗಳಿಗೆ ಹೋಯಿತಲ್ಲ ಎಂದು. ಆ ಉರಿ ಅಷ್ಟು ಆಳ ಇಳಿದಿತ್ತು. ಕರಿಯವ್ವ ಹೂಂ ಅನ್ನುತ್ತಾಳೆ ಎಂದೇ ಕಾದಳು.

ಕರಿಯವ್ವನ ಎರಡೂ ಕೈ ಹಾಲವ್ವನ ರಕ್ತ. ಅವಳು ತಲೆ ಎತ್ತಿದಳು.

"ಕಳಸೂದಿಲ್ಲ."

"ಅಂದ್ರ?"

"ಕಳಸೂದಿಲ್ರಿ. ನಿಮ್ಮ ಹುಡುಗನ ಚೀಲ ನಿಮ್ಮ ಹುಡುಗ ಹೊರಲಿ. ಇಲ್ಲಾ ನೀವು ಹೊರ್ರಿ."

ಕೇರಿಯ ಹೆಂಗಸೊಬ್ಬಳು ಹಾಗೆ ಅಂದದ್ದನ್ನು ದಾಕ್ಷಾಯಿಣಿ ಕೇಳಿರಲೇ ಇಲ್ಲ. ಕೇರಿಯ ಹೆಂಗಸರೂ ಕೇಳಿರಲಿಲ್ಲ.

ಯಲ್ಲಾಪುರದ ದವಾಖಾನೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು, ಟೆಂಪೋದಲ್ಲಿ ಹಿಂದೆ ಬರುವಾಗ ಹಾಲವ್ವ ಅವ್ವನ ತೊಡೆಯ ಮೇಲೆ ನಿದ್ದೆ ಹೋದಳು. ಕರಿಯವ್ವ ಎದುರಿಗೆ ಕೂತಿದ್ದಳು. ಫಕೀರವ್ವನಿಗೆ ತಡೆಯಲಾಗಲಿಲ್ಲ.

"ಯಕ್ಕಾ, ಡಬ್ಬಿ ಮಾತು ನಾ ಹೇಳಿದ್ದು. ಸುಳ್ಳ ಹೇಳಿದ್ದೆ."

"ಗೊತ್ತೈತಿ. ಆ ಅಕ್ಕಾರೇ ಹೇಳಿದ್ರು, ನಿಮ್ಮಾಕೀನೇ ಬಂದು ಹೇಳ್ಯಾಳ ಅಂತ."

"ಮತ್ಯಾಕ ಸುಮ್ನಿದ್ದಿ? ಬಂದು ಜುಟ್ಟ ಹಿಡದು ಬಡೀಬೇಕಿಲ್ಲೇನು?"

ಕರಿಯವ್ವ ಹಾಲವ್ವನ ಕೈಯ ಪಟ್ಟಿ ನೋಡಿದಳು. "ನಿನ್ನ ಮಗಳು ಹಿತ್ತಲ ಹಾಯೂದ ನೋಡಿ ನನಗ ಏನಾಗಿತ್ತ ಗೊತ್ತೇನು? ಇಕಿ ಕೈ ಮುರೀಲಿ, ಕಾಲ ಮುರೀಲಿ, ಮತ್ತ ನನ್ನ ರೇಣಿಗೆ ಚೀಲ ಬರಲಿ ಅಂತ ದಿನಾ ಬೇಡಕೊಂಡೇನಿ. ಗುಡಿ ಹೊರಗ ನಿಂತು ಬೇಡಕೊಂಡೇನಿ. ಇವತ್ತ ಆತಲ್ಲ. ಮುರದೇ ಹೋತಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಎತ್ತಿಕೊಂಡಾಗ ಕೂಸು ದೊಡ್ಡವ್ವಾ ಅಂತು."

ಫಕೀರವ್ವ ಅತ್ತಳು. ನಾಚಿಕೆಯಿಂದ ಅತ್ತಳು, ಆಮೇಲೆ ಸಿಟ್ಟಿನಿಂದ ಅತ್ತಳು. ಒಂದು ಹಿತ್ತಲು, ಒಂದು ಚೀಲ. ಅದನ್ನು ಎಲುಬಿನಂತೆ ನಡುವೆ ಎಸೆದು ಅವರು ಗೇಟು ಹಾಕಿಕೊಂಡಿದ್ದರು. ಇವರಿಬ್ಬರೂ ಕಚ್ಚಾಡಿದ್ದರು. ಚಪ್ಪಡಿಗಳು ಮಾತ್ರ ಡಾಬಾದ ಅಂಗಳದಲ್ಲಿ ತಣ್ಣಗೆ ಒಟ್ಟಿಕೊಂಡಿದ್ದವು.

"ಯಕ್ಕಾ, ನಾಳೆ ಹಗ್ಗ ಗಳ ತಗೊಂಡ ಬಾ," ಅಂದಳು.

"ಎಲ್ಲಿಗೆ?"

"ನಮ್ಮವು ತರಾಕ."

ಬೆಳಿಗ್ಗೆ ಕೇರಿಯ ಹೆಂಗಸರು ಕೆಲಸಕ್ಕೆ ಹೊರಟ ಹಾಗೇ ಹೊರಟರು. ಅದೇ ಹಗ್ಗ, ಅದೇ ಗಳ, ಅದೇ ಹಾರೆ. ಶಾಲೆಯ ಕಡೆ ಹೋಗಲಿಲ್ಲ. ಡಾಬಾದ ಅಂಗಳಕ್ಕೆ ನುಗ್ಗಿದರು. ಯಾರೂ ಚಪ್ಪಲಿ ಕೈಗೆ ತೆಗೆದುಕೊಳ್ಳಲಿಲ್ಲ. ಹಾಸಿದ ಚಪ್ಪಡಿಯ ಮೇಲೆ ಒಬ್ಬ ಡ್ರೈವರ್ ತಲೆಗೆ ಸೋಪು ಹಚ್ಚಿಕೊಂಡು ಕೂತಿದ್ದ.

"ಏಳಪ್ಪಾ ತಮ್ಮಾ," ಅಂದಳು ಕರಿಯವ್ವ.

"ಮೈ ತೊಳಕೋತೀನಿ ತಡೀರಿ!"

"ಈಚೆ ಬಂದು ತೊಳಕೋ. ನೆಲ ಎಲ್ಲಾ ಕಡೆ ಐತಿ."

ಅವನು ಕಣ್ಣು ಮುಚ್ಚಿಕೊಂಡೇ ಚಂಬು ಹಿಡಿದು ಈಚೆ ಬಂದ. ಹೆಂಗಸರು ಹಾರೆ ಹಾಕಿ ಮೀಟಿದರು. ಹಗ್ಗ ಬಿಗಿದರು. ನಾಲ್ಕು ಹೆಗಲು ಎದ್ದೇಳು ಅಂದವು, ಚಪ್ಪಡಿ ಎದ್ದಿತು. ಒಟ್ಟಿದ್ದ ರಾಶಿ ಕರಗತೊಡಗಿತು. ತಿರುವಿನ ಗಟಾರ ಸ್ವಲ್ಪ ಸ್ವಲ್ಪವೇ ಮುಚ್ಚತೊಡಗಿತು.

ಸಂಗಯ್ಯ ಓಡಿ ಬಂದ. "ಏ, ತಲಿ ಕೆಟ್ಟೈತೇನು ನಿಮಗ? ಕೆಲಸ ಹೋಗತೈತಿ ನೋಡ್ರಿ!"

"ಹೋಗ್ಲಿ," ಅಂದಳು ಫಕೀರವ್ವ. ಗಳ ಹೆಗಲ ಮೇಲಿತ್ತು, ತಿರುಗಿ ನೋಡಲಿಲ್ಲ.

ಚನ್ನಯ್ಯ ಬನಿಯನ್ನಿನ ಮೇಲೆಯೇ ಹೊರಗೆ ಬಂದು ಗೇಟಿಗೆ ಅಡ್ಡ ನಿಂತ. "ಕಳ್ಳತನ ಮಾಡಾಕತ್ತೀರೇನು ಹಾಡಾ ಹಗಲ? ಪೊಲೀಸ್ರಿಗೆ ಫೋನ್ ಮಾಡ್ತೇನಿ!"

"ಮಾಡ್ರಿ ಸಾವ್ಕಾರ್ರ," ಅಂದಳು ಫಕೀರವ್ವ. "ಅವರು ಬಂದು ಕೇಳ್ಲಿ, ಇವು ಯಾರ ಚಪ್ಪಡಿ, ನಿಮ್ಮ ಅಂಗಳಕ್ಕ ಹ್ಯಾಂಗ ಬಂದ್ವು ಅಂತ. ಸಂಗಯ್ಯಾರೂ ಇಲ್ಲೇ ಅದಾರ, ಹೇಳ್ತಾರ."

ಸಂಗಯ್ಯ ರಸ್ತೆ ನೋಡತೊಡಗಿದ. ಚನ್ನಯ್ಯ ಮೊಬೈಲು ತೆಗೆದ, ಕಿವಿಗೆ ಹಚ್ಚಿಕೊಂಡ, ಮತ್ತೆ ಇಳಿಸಿದ. ಚಹಾ ಕುಡಿಯುತ್ತಿದ್ದ ಡ್ರೈವರುಗಳೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಗೇಟಿನಿಂದ ಒಂದು ಬದಿಗೆ ಸರಿದ. ಹೆಂಗಸರು ಚಪ್ಪಡಿ ಹೊತ್ತು ಅವನ ಮಗ್ಗುಲಿಗೇ ಹಾದು ಹೋದರು.

ಶಾಲೆಯ ಹೊತ್ತಿಗೆ ತಿರುವಿನ ಗಟಾರ ಪೂರ್ತಿ ಮುಚ್ಚಿತು. ಚಪ್ಪಡಿಗಳು ಓರೆಕೋರೆಯಾಗಿದ್ದವು, ಸಂದಿಗೆ ಸಿಮೆಂಟು ಬಿದ್ದಿರಲಿಲ್ಲ, ಕಾಲಿಟ್ಟರೆ ಕೆಲವು ಕಟಕ್ ಅನ್ನುತ್ತಿದ್ದವು. ಕೇರಿಯ ಮಕ್ಕಳು ಒಬ್ಬೊಬ್ಬರೇ ಹತ್ತಿದರು. ಮೊದಲು ಹೆದರಿಕೆ, ಆಮೇಲೆ ನಗೆ, ಆಮೇಲೆ ನೂಕಾಟ. ಹಾಲವ್ವ ಕೊರಳಿಗೆ ಕೈ ಕಟ್ಟಿಕೊಂಡು ರೇಣವ್ವನ ಜೊತೆ ಮುಂದೆ ಇದ್ದಳು. ಅವಳ ಪಾಟಿಚೀಲ ರೇಣವ್ವ ಹಿಡಿದಿದ್ದಳು. ಬಗಲಿಗೆ ಒಂದು ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು. ಯಾರೂ ಗಟಾರಕ್ಕೆ ಹಾರಲಿಲ್ಲ.

ಚನ್ನಯ್ಯನ ಮನೆಯ ಮುಂದೆ ಬಂದಾಗ ದಾಕ್ಷಾಯಿಣಿ ಮಗನ ಕೈ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಹೊಸ ಚೀಲ ಅವನ ಬೆನ್ನ ಮೇಲೇ ಇತ್ತು.

"ಏ, ಇಳೀರಿ ಕೆಳಗ! ನಮ್ಮ ಹುಡುಗ ಹೋಗಬೇಕು!"

ಮಕ್ಕಳು ಇಳಿದುಬಿಟ್ಟರು. ಕೂಗಿದ್ದು ಕಿವಿಗೆ ಬೀಳುವ ಮುಂಚೆಯೇ ಕಾಲು ಇಳಿದಿದ್ದವು. ಹಾಲವ್ವನೂ ಇಳಿದಳು, ಮುರಿದ ಕೈ ಹೊತ್ತು, ಅದೇ ಟಾರಿಗೆ. ಅದನ್ನು ನೋಡಿದ ಫಕೀರವ್ವನಿಗೆ ಹೊಟ್ಟೆಯಲ್ಲಿದ್ದ ಉರಿಯೆಲ್ಲ ಗಂಟಲಿಗೆ ಬಂತು.

"ಹತ್ತರಿ ಮ್ಯಾಲೆ!" ಅವಳ ದನಿಗೆ ಡಾಬಾದೊಳಗಿನವರೂ ಹೊರಗೆ ಬಂದರು. "ಹಾಲವ್ವಾ, ಹತ್ತು! ಇನ್ನೊಮ್ಮೆ ಇಳಿದ್ರ ನಾನೇ ಕಾಲ ಮುರೀತೇನಿ!"

ಹಾಲವ್ವ ಹತ್ತಿದಳು. ಅವಳ ಹಿಂದೆ ಎಲ್ಲರೂ ಹತ್ತಿದರು. ಸಾಲು ಮತ್ತೆ ಸಾಗಿತು. ಕೇರಿಯಲ್ಲಿ ಮಕ್ಕಳಿಗೇನು ಬರವೇ? ಸಾಲು ಮುಗಿಯುತ್ತಲೇ ಇರಲಿಲ್ಲ. ಗಿರೀಶ ಗೇಟಿನಲ್ಲಿ ನಿಂತು ಅವರ ನೂಕಾಟ, ನಗೆ ಎಲ್ಲ ನೋಡಿದ.

"ಮಮ್ಮಿ, ನಾನೂ ಅವರ ಕೂಡ ಹೋಗ್ಲಿ?"

ದಾಕ್ಷಾಯಿಣಿ ಮಗನ ರಟ್ಟೆ ಬಿಗಿ ಹಿಡಿದಳು. ಕೇರಿಯ ಮಕ್ಕಳ ಕಾಲುಗಳನ್ನೇ ನೋಡುತ್ತಿದ್ದಳು. ಅವಳ ಮಗನೊಬ್ಬನದೇ ಆಗಿದ್ದ ಚಪ್ಪಡಿಯ ಮೇಲೆ ಅಷ್ಟೊಂದು ಕಾಲು. ಆ ನೋಟ ಫಕೀರವ್ವನಿಗೆ ಹೊಸದಲ್ಲ. ಅವಳು ಹತ್ತಿರ ಹೋದಳು, ಅಂಗಳದ ಅಂಚಿಗೆ ನಿಲ್ಲದೆ ಗೇಟಿಗೇ ಹೋದಳು.

"ಹೊಟ್ಟಿ ಉರೀತೈತೇನ್ರಿ ಅಕ್ಕಾರ? ಉರೀಲಿ ಬಿಡ್ರಿ. ನಂಗೂ ಭಾಳ ದಿನ ಉರಿದಿತ್ತು. ಹೊಟ್ಟಿ ಉರಿದ್ರ ಯಾರೂ ಸಾಯೂದಿಲ್ಲ. ಲಾರಿ ಕೆಳಗ ಸಿಕ್ರ ಸಾಯ್ತಾರ."

ಹಾಗೆಂದವಳು ಹಾರೆಯನ್ನು ಹೆಗಲಿಗೆ ಹಾಕಿಕೊಂಡು, ಮಕ್ಕಳ ಸಾಲಿನ ಹಿಂದೆ, ಶಾಲೆಯ ಗೇಟಿನ ತನಕ ಚಪ್ಪಡಿಯ ಮೇಲೆಯೇ ನಡೆದು ಹೋದಳು.